ಎವರಿಸ್ತೋನ ಮೊಣಕಾಲು

ನನ್ನ ಗಂಡನ ಫುಟ್‌ಬಾಲ್ ತಂಡ ಸೋಲಲಿ ಎಂದು ನಾನು ಹರಕೆ ಹೊತ್ತಿದ್ದೆ. ಕೇಳಿದವರು ಮೂಗಿನ ಮೇಲೆ ಬೆರಳಿಡಲಿ, ನನಗೇನೂ ಆಗಬೇಕಾದ್ದಿಲ್ಲ. ಚಪ್ಪಾಳೆ ತಟ್ಟಿ ಅವರೆಲ್ಲ ಮನೆಗೆ ಹೋಗುತ್ತಿದ್ದರು. ಆಮೇಲೆ ಆ ಮೊಣಕಾಲಿಗೆ ಐಸು ಕಟ್ಟಿಕೊಂಡು ಕೂರುತ್ತಿದ್ದವಳು ನಾನು.

ಎವರಿಸ್ತೋಗೆ ಆಗ ಮೂವತ್ತೇಳು ವರ್ಷ. ಯುರೋಪಿನ ಕಡಲದಂಡೆಯ ಸೆತೂಬಾಲ್‌ನಲ್ಲಿ, ನಮ್ಮ ಊರಿನಲ್ಲಿ, ಅವನು ಬೀದಿಗೆ ಬಂದರೆ ಮೀನು ಸುಡುವವರು ಒಲೆ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಅವನ ಕಾಲಿನ ವೇಗಕ್ಕಲ್ಲ, ವೇಗದಲ್ಲಿ ಅವನಿಗಿಂತ ಮುಂದಿದ್ದವರು ಬೇಕಾದಷ್ಟಿದ್ದರು. ಅವನು ಹೆಸರು ಮಾಡಿದ್ದು ಕಾಯುವುದರಲ್ಲಿ. ಚೆಂಡು ಹಿಡಿದು, ಗೋಲು ಕಾಯುವ ಗೋಲಿಯ ಎದುರಿಗೆ ಒಬ್ಬನೇ ಬಂದಾಗ ಬೇರೆಯವರೆಲ್ಲ ಗಾಬರಿಯಲ್ಲಿ ಒದ್ದುಬಿಡುತ್ತಾರೆ. ಇವನು ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಡುತ್ತಿದ್ದ. ಹಿಂದಿನಿಂದ ನಾಲ್ಕು ಜನ ಅಟ್ಟಿಸಿಕೊಂಡು ಬರುತ್ತಿದ್ದರೂ ಇವನಿಗೆ ಯಾವ ಅವಸರವೂ ಇಲ್ಲ. ನೋಡಿ ನೋಡಿ ಗೋಲಿಗೇ ತಡೆಯಲಾಗದೆ ಒಂದು ಕಡೆಗೆ ಬೀಳುತ್ತಿದ್ದ. ಆಗ ಇವನು ಇನ್ನೊಂದು ಕಡೆಗೆ ಚೆಂಡನ್ನು ಮೆಲ್ಲಗೆ ತಳ್ಳುತ್ತಿದ್ದ. ನನ್ನನ್ನು ಮದುವೆಯಾದದ್ದೂ ಹಾಗೆಯೇ. ನಾನು ಕೂರುತ್ತಿದ್ದ ನಮ್ಮ ಸೋದರಮಾವನ ಬ್ರೆಡ್ಡಿನ ಅಂಗಡಿಗೆ ಒಂದು ಇಡೀ ಚಳಿಗಾಲ ಬಂದ, ಬ್ರೆಡ್ಡು ಕೊಂಡ, ಹೋದ, ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ನಾನೇ ರೇಗಿ, "ಏನಯ್ಯಾ, ಕೇಳೋದಿದ್ರೆ ಕೇಳು, ಇಲ್ಲಾಂದ್ರೆ ಬೇರೆ ಅಂಗಡಿ ನೋಡ್ಕೋ" ಎಂದೆ. ಕೇಳಿದ.

ಅಂಥವನನ್ನು ಅಮೆರಿಕಾಕ್ಕೆ ಕರೆಸಿದವನು ಹೋಲ್ಡನ್, ಹಾಸಿಗೆ ಅಂಗಡಿಗಳ ಮಾಲೀಕ. ಹಾಸಿಗೆ ಮಾರುವವನಿಗೆ ಫುಟ್‌ಬಾಲ್ ತಂಡ ಯಾಕೆ ಬೇಕಿತ್ತೋ ದೇವರೇ ಬಲ್ಲ. ಆದರೆ ಲೆಕ್ಕಾಚಾರದ ಮನುಷ್ಯ. ಅವನ ಊರು ಫಾಲ್ ರಿವರ್ ತುಂಬ ನಮ್ಮ ಜನ. ನಮ್ಮ ದೇಶದ್ದೇ ಆದ ಅಜೋರ್ಸ್ ದ್ವೀಪಗಳಿಂದ ಬಂದು ಬಟ್ಟೆ ಗಿರಣಿಗಳಲ್ಲಿ ದುಡಿಯುವವರು. ಎವರಿಸ್ತೋ ಇದ್ದಾನೆ ಎಂದರೆ ಅವರು ಟಿಕೆಟ್ ಕೊಳ್ಳುತ್ತಾರೆ ಎಂದು ಹೋಲ್ಡನ್ನನಿಗೆ ಗೊತ್ತಿತ್ತು. ಕೊಂಡರು ಕೂಡ. ಆ ಕಾಲದಲ್ಲಿ ಯುರೋಪಿನಲ್ಲಿ ಆಡಿ ದಣಿದವರೆಲ್ಲ ಅಮೆರಿಕಾಕ್ಕೆ ಬರುತ್ತಿದ್ದರು. ಪ್ರತಿ ತಂಡದಲ್ಲೂ ಅಂಥ ಒಬ್ಬ ಇಂಗ್ಲಿಷಿನವನೋ ಜರ್ಮನಿಯವನೋ ಇರುತ್ತಿದ್ದ, ಎಲ್ಲರಿಗೂ ಬೊಕ್ಕತಲೆ ಶುರುವಾಗಿತ್ತು, ಎಲ್ಲರ ಕಾಲಿಗೂ ಪಟ್ಟಿ.

ಮೈದಾನಕ್ಕೆ ಹಾಸಿದ್ದು ಪ್ಲಾಸ್ಟಿಕ್ ಹುಲ್ಲು. "ಇದು ಹುಲ್ಲಲ್ಲ ಕಣೇ, ಸಿಮೆಂಟಿನ ಮೇಲೆ ಚಾಪೆ ಹಾಸಿದ್ದಾರೆ" ಎಂದು ಎವರಿಸ್ತೋ ಮೊದಲ ದಿನವೇ ಹೇಳಿದ್ದ. ಬಿಸಿಲಿಗೆ ಅದರಿಂದ ಟಯರು ಸುಟ್ಟ ವಾಸನೆ ಏಳುತ್ತಿತ್ತು. ಒಂದು ವರ್ಷ ಹೇಗೋ ಕಳೆಯಿತು. ಎರಡನೆಯ ವರ್ಷ ಪ್ರತಿ ಪಂದ್ಯಕ್ಕೂ ಮುಂಚೆ ಮೊಣಕಾಲಿಗೆ ನೋವು ಮರೆಸುವ ಸೂಜಿ ಚುಚ್ಚಿಸಿಕೊಳ್ಳದೆ ಇಳಿಯುವ ಹಾಗೇ ಇರಲಿಲ್ಲ. ಆಟ ಮುಗಿಯುವ ಹೊತ್ತಿಗೆ ಮೊಣಕಾಲು ಕುಂಬಳಕಾಯಿ ಆಗಿರುತ್ತಿತ್ತು.

ಜಗಳ ಮಾಡಿ ಬಾಸ್ಟನ್ನಿನ ಒಬ್ಬ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಮಾತಾಡಿದ್ದು ನಾನೇ. ಹೊಲಿಗೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ನಾನು ಇಂಗ್ಲಿಷ್ ಕಲಿತಿದ್ದೆ. ಅವನು ಎರಡು ವರ್ಷದಲ್ಲಿ ಕಲಿತದ್ದು 'ಯೆಸ್', 'ಓಕೆ', 'ಐಸ್', ಇಷ್ಟೇ.

ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ ಹೇಳಿದರು: "ಇನ್ನೊಂದು ವರ್ಷ ಹೀಗೇ ಚುಚ್ಚಿಸ್ಕೊಂಡು ಓಡಿದ್ರೆ ಈ ಮೊಣಕಾಲು ಮಡಚೋದೇ ಇಲ್ಲ. ಸಾಯೋ ತನಕ ಕೋಲು ಹಿಡೀಬೇಕು."

ನಾನು ಒಂದಕ್ಷರ ಬಿಡದೆ ಅವನಿಗೆ ಹೇಳಿದೆ.

"ನನಗೆ ನೋವೇ ಇಲ್ಲ ಅಂತ ಹೇಳು ಅವರಿಗೆ" ಎಂದ ಪುಣ್ಯಾತ್ಮ.

ಆಗಸ್ಟ್ ಬಂತು. ಆ ಸುತ್ತಿನ ಕೊನೆಯ ಪಂದ್ಯ ಒಂದು ಉಳಿದಿತ್ತು. ಹೋಲ್ಡನ್ ಖಡಾಖಂಡಿತ ಹೇಳಿಬಿಟ್ಟಿದ್ದ: ಗೆದ್ದು ಮುಂದಿನ ಸುತ್ತಿಗೆ ಹೋದರೆ ಎವರಿಸ್ತೋಗೆ ಇನ್ನೊಂದು ವರ್ಷ, ಸೋತರೆ ನಮಸ್ಕಾರ. ಅವತ್ತು ಊಟದ ಮೇಜಿನ ಮುಂದೆ ನಾನು ಪಟ್ಟು ಹಿಡಿದು ಕೂತೆ.

"ಸೋತ್ರೆ ಬಿಟ್ಬಿಡ್ತೀಯಾ? ಬೇರೆ ತಂಡ, ಬೇರೆ ಊರು ಅಂತ ಹುಡುಕಲ್ವಲ್ಲ?"

"ಬಿಟ್ಬಿಡ್ತೀನಿ."

"ಆಣೆ ಮಾಡು."

"ನಿನ್ನಾಣೆ. ಆದ್ರೆ ಸೋಲಲ್ಲ ಬಿಡು" ಎಂದು ಸೊಪ್ಪಿನ ಸೂಪಿಗೆ ಬ್ರೆಡ್ಡು ಅದ್ದಿದ.

ಮರುದಿನ ನಾನು ಸಾಂತೋ ಕ್ರಿಸ್ತೋ ಇಗರ್ಜಿಗೆ ಹೋದೆ. ಮೈಯಲ್ಲಿ ಎಲ್ಲಿ ಕಾಯಿಲೆಯೋ ಆ ಭಾಗವನ್ನು ಮೇಣದಲ್ಲಿ ಮಾಡಿಸಿ ಒಪ್ಪಿಸುವುದು ನಮ್ಮ ಕಡೆಯ ಹರಕೆ. ನಾನೂ ಒಂದು ಮೇಣದ ಕಾಲು ತಂದಿದ್ದೆ. ಸ್ವಾಮೀ, ಇವರು ಸೋಲಲಿ, ನನ್ನ ಗಂಡ ಎರಡು ಕಾಲಿನ ಮೇಲೆ ಮುದುಕನಾಗಲಿ ಎಂದು ಬೇಡಿಕೊಂಡು ಅದನ್ನು ಇಡಲು ಹೋದರೆ ಅಲ್ಲಿ ಆಗಲೇ ಒಂದು ಹೊಸ ಮೇಣದ ಕಾಲಿತ್ತು. ಪಕ್ಕದಲ್ಲಿ ಮಂಡಿಯೂರಿದ್ದವಳು ಇದಾಲಿನಾ, ನಾವು ಮರ್ಯಾದೆಗೆ ದೋನಾ ಎನ್ನುತ್ತಿದ್ದವಳು, ನಾವಿದ್ದ ಮನೆಯ ಒಡತಿ, ಕೆಳಗಿನ ಅಂತಸ್ತಿನವಳು.

"ನಿಮ್ಮ ಕಾಲಿಗೇನಾಯ್ತು ದೋನಾ ಇದಾಲಿನಾ?"

"ನನ್ನ ಕಾಲಿಗೇನು ಬಂದಿದೆ ಧಾಡಿ! ಇದು ನಿನ್ನ ಗಂಡನ ಕಾಲಮ್ಮಾ. ಭಾನುವಾರ ಅದೇ ಕಾಲಿಂದ ಗೋಲು ಹೊಡೀಲಿ ಅಂತ ಹೊತ್ಕೊಂಡಿದೀನಿ. ನೀನೂ ಅದಕ್ಕೇ ತಂದ್ಯಾ? ಭೇಷ್! ಎರಡು ಕಾಲು ಕೊಟ್ರೆ ಸ್ವಾಮಿ ಎರಡು ಗೋಲು ಕೊಡ್ತಾನೆ."

ಅವಳ ಕಾಲಿನ ಪಕ್ಕದಲ್ಲಿ ನನ್ನದನ್ನೂ ಇಟ್ಟು ಬಂದೆ. ಯಾರ ಮಾತು ಕೇಳಬೇಕೋ ಸ್ವಾಮಿಯೇ ತೀರ್ಮಾನ ಮಾಡಿಕೊಳ್ಳಲಿ.

ಭಾನುವಾರ ಮಧ್ಯಾಹ್ನ ಅವಳ ಪಕ್ಕದಲ್ಲೇ ಕೂತು ಪಂದ್ಯ ನೋಡಿದೆ. ನಮ್ಮವರು ಒಂದು ಪಕ್ಕದ ಸ್ಟ್ಯಾಂಡು ಪೂರ್ತಿ ತುಂಬಿದ್ದರು. ಎದುರಿನ ಸ್ಟ್ಯಾಂಡಿನಲ್ಲಿ ಊರಿನ ಉಳಿದ ಜನ, ಹಾಟ್ ಡಾಗ್ ತಿನ್ನುತ್ತಾ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು. ಆಟ ಸಮ ಸಮವಾಗಿ ನಿಂತಿತು. ಬೇರೆ ದೇಶದಲ್ಲಾಗಿದ್ದರೆ ಕೈ ಕುಲುಕಿ ಮನೆಗೆ ಹೋಗುತ್ತಿದ್ದರು. ಈ ಅಮೆರಿಕಾದವರಿಗೆ ಡ್ರಾ ಎಂದರೆ ಮೈಯೆಲ್ಲ ತುರಿಕೆ. ಯಾರಾದರೂ ಒಬ್ಬರು ಗೆಲ್ಲಲೇಬೇಕು, ಯಾರಾದರೂ ಸೋಲಲೇಬೇಕು. ಅದಕ್ಕೆ ಅವರದೇ ಒಂದು ಕಾನೂನು ಮಾಡಿಕೊಂಡಿದ್ದರು. ಪೆನಾಲ್ಟಿ ಅಲ್ಲ. ದೂರದ ಗೆರೆಯಿಂದ ಒಬ್ಬೊಬ್ಬನೇ ಚೆಂಡು ತಗೊಂಡು ಗೋಲಿಯ ಮೇಲೆ ನುಗ್ಗಬೇಕು, ಗೋಲಿಯೂ ಎದುರಿಗೆ ನುಗ್ಗಿ ಬರಬಹುದು. ಐದು ಸೆಕೆಂಡಿನೊಳಗೆ ಚೆಂಡು ಕಾಲು ಬಿಟ್ಟಿರಬೇಕು. ಹೊತ್ತು ಮುಗಿದು ಹಾರ್ನ್ ಕೂಗಿದ ಮೇಲೆ ಒದ್ದ ಚೆಂಡಿಗೆ ಕವಡೆ ಕಿಮ್ಮತ್ತಿಲ್ಲ.

"ಐದು ಸೆಕೆಂಡು ನನಗೆ ಸೀನೋಕೂ ಸಾಲಲ್ಲ" ಎಂದು ಎವರಿಸ್ತೋ ಇದನ್ನು ಆಡಿಕೊಳ್ಳುತ್ತಿದ್ದ. ಅಲ್ಲಿಯ ತನಕ ಅವನು ಅದನ್ನು ಹೊಡೆದೇ ಇರಲಿಲ್ಲ. ಆಟ ಮುಗಿಯುವ ಮುಂಚೆಯೇ ಕೋಚು ಅವನನ್ನು ಹೊರಗೆ ಕರೆದುಬಿಡುತ್ತಿದ್ದ. ಅವತ್ತು ಮಾತ್ರ ನಮ್ಮ ಜನ ಅವನ ಹೆಸರು ಕೂಗಿ ಕೂಗಿ ಕೋಚಿನ ಕಿವಿ ಕಿತ್ತುಹಾಕಿದ್ದರು. ಒಳಗೇ ಬಿಟ್ಟ. ಎರಡೂ ತಂಡದವರು ಸರದಿಯ ಮೇಲೆ ಹೊಡೆಯುತ್ತಾ ಬಂದ ಮೇಲೆ ನಾವು ಒಂದು ಗೋಲು ಹಿಂದಿದ್ದೆವು. ಉಳಿದದ್ದು ಕೊನೆಯ ಸರದಿ, ಅದು ಎವರಿಸ್ತೋನದು. ಹಾಕಿದರೆ ಆಟ ಉಳಿಯುತ್ತದೆ, ತಪ್ಪಿದರೆ ಅಲ್ಲಿಗೆ ಎಲ್ಲ ಮುಗಿಯಿತು.

ತಪ್ಪಲಿ ಸ್ವಾಮಿ, ತಪ್ಪಲಿ ಎಂದು ಜಪಮಾಲೆ ಹಿಡಿದು ಕೂತೆ. ಇದಾಲಿನಾ ನನ್ನ ತೊಡೆ ಗಿಲ್ಲುತ್ತಿದ್ದಳು.

ಅವನು ಹೊರಟ. ಕುಂಟುವುದು ಗೊತ್ತಾಗದ ಹಾಗೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಿದ್ದ, ಅದು ನನಗೆ ಮಾತ್ರ ಗೊತ್ತು. ಗೋಲಿ ಮುನ್ನುಗ್ಗಿ ಬಂದ, ಹುಮ್ಮಸ್ಸಿನ ಎಳೆ ವಯಸ್ಸಿನವನು, ಕೈಗಳನ್ನು ಅಗಲಿಸಿಕೊಂಡು. ಎವರಿಸ್ತೋ ಚೆಂಡಿನ ಮೇಲೆ ಕಾಲಿಟ್ಟ.

ನಿಂತ.

ಅಯ್ಯೋ ದೇವರೇ, ನಿಂತೇಬಿಟ್ಟ! ಕಾನೂನು ಗೊತ್ತಿಲ್ಲದೆ ಅಲ್ಲ, ಗೊತ್ತಿತ್ತು. ಆದರೆ ಚಿಕ್ಕಂದಿನಿಂದ ಅವನ ಕಾಲು ಕಲಿತದ್ದು ಅದೊಂದನ್ನೇ. ನನಗೇನಾಯಿತೋ, ಹರಕೆಯೂ ಇಲ್ಲ ಮಣ್ಣೂ ಇಲ್ಲ, ಬೆಂಚಿನ ಮೇಲೆ ಹತ್ತಿ ನಿಂತು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆ: "ಹೊಡಿಯೋ! ಹೊಡಿಯೋ ಮಾರಾಯ, ಕಾಯಬೇಡ!"

ಗೋಲಿ ಬಿದ್ದ. ಯಾವತ್ತಿನ ಹಾಗೆ ತಡೆಯಲಾಗದೆ ಎಡಕ್ಕೆ ಬಿದ್ದ. ಎವರಿಸ್ತೋ ಬಲಕ್ಕೆ ಚೆಂಡನ್ನು ಮೆಲ್ಲಗೆ ತಳ್ಳಿದ. ಅದು ಉರುಳುತ್ತಾ ಹೋಗಿ ಬಲೆ ಮುಟ್ಟಿತು. ಅಷ್ಟು ಚೆಂದದ ಗೋಲನ್ನು ಸೆತೂಬಾಲ್‌ನಲ್ಲೂ ನಾನು ನೋಡಿರಲಿಲ್ಲ. ಅವನು ಚೆಂಡು ತಳ್ಳುವ ಮುಂಚೆಯೇ ಹಾರ್ನ್ ಕೂಗಿಯಾಗಿತ್ತು.

ಅವನಿಗೆ ಕೇಳಿಸಿರಲಿಲ್ಲ. ಕೈಯೆರಡನ್ನೂ ಚಾಚಿಕೊಂಡು ನಮ್ಮ ಸ್ಟ್ಯಾಂಡಿನ ಕಡೆ ಓಡಿ ಬಂದ, ಆ ಹಾಳು ಮೊಣಕಾಲಿನ ಮೇಲೆ, ಬಾಯಿ ತುಂಬ ನಗು. ನಮ್ಮವರು ಯಾರೂ ಕೂಗಲಿಲ್ಲ. ಗಂಡಸರು ಟೋಪಿ ತೆಗೆದು ಕೈಯಲ್ಲಿ ಹಿಡಿದು ತಲೆ ತಗ್ಗಿಸಿದರು. ಎದುರಿನ ಸ್ಟ್ಯಾಂಡಿನವರು ನಗತೊಡಗಿದರು. ಬೇಲಿಯ ಹತ್ತಿರ ಬಂದ ಮೇಲೆ ಅವನು ನಮ್ಮ ಮುಖ ನೋಡಿದ. ಆಮೇಲೆ ತಿರುಗಿ ರೆಫರಿಯನ್ನು ನೋಡಿದ. ಚಾಚಿದ ಕೈಗಳು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ನಾನು ಬೇಡಿದ್ದು ನನಗೆ ಸಿಕ್ಕಿತ್ತು. ಇದಾಲಿನಾ ತನ್ನ ತೋಳಿಗೇ ಮುಖ ಒರೆಸಿಕೊಂಡು ಅಳುತ್ತಿದ್ದಳು, ನಾನು ರೆಫರಿಯ ಹೆತ್ತವರನ್ನೆಲ್ಲ ಬೈಯುತ್ತಿದ್ದೆ.

ಅವನು ಡ್ರೆಸ್ಸಿಂಗ್ ರೂಮಿಗೂ ಹೋಗದೆ ಆಡಿದ ಬಟ್ಟೆಯಲ್ಲೇ ನೇರ ನಾನು ನಿಂತಿದ್ದ ಕಾರಿನ ಹತ್ತಿರ ಬಂದ. ಬಾಗಿಲು ತೆಗೆದು, ಕಾಲು ಹೊರಗಿಟ್ಟು ಸೀಟಿನ ಮೇಲೆ ಕೂತ. ನಾನು ಬಾಯಿ ಬಿಡುವಷ್ಟರಲ್ಲಿ ಹೋಲ್ಡನ್ ದಾಪುಗಾಲು ಹಾಕುತ್ತಾ ಬಂದ. ಸೋತವನ ಮುಖವೇ ಅಲ್ಲ ಅದು.

"ನಿಮ್ಮ ಯಜಮಾನ್ರಿಗೆ ಹೇಳಿ ಮೇಡಂ, ಅದ್ಭುತ! ಟಿ.ವಿ.ಯವರು ಅದನ್ನೇ ಕೇಳ್ತಾ ಇದ್ದಾರೆ. ಹಾರ್ನ್ ಆದ್ಮೇಲೂ ಕೈ ಚಾಚ್ಕೊಂಡು ಓಡಿದ್ರಲ್ಲ, ಜನ ನಕ್ಕೂ ನಕ್ಕೂ ಸುಸ್ತು. ಇಡೀ ದೇಶ ನೋಡುತ್ತೆ. ಸೋತಿದ್ದು ಹೋಗ್ಲಿ ಬಿಡಿ, ಮುಂದಿನ ವರ್ಷವೂ ಅವರು ನಮಗೆ ಬೇಕು. ಪ್ರತಿ ಪಂದ್ಯದಲ್ಲೂ ಸ್ವಲ್ಪ ಹೊತ್ತು ಆಡ್ಲಿ ಸಾಕು. ಮಧ್ಯದ ಬಿಡುವಿನಲ್ಲಿ ಒಂದು ದೊಡ್ಡ ಗಡಿಯಾರ ಇಡ್ತೀವಿ, ಇದನ್ನೇ ಇನ್ನೊಂದ್ಸಲ ಮಾಡಿ ತೋರಿಸ್ಲಿ."

ಎವರಿಸ್ತೋ ನನ್ನ ಮುಖ ನೋಡಿದ. "ಏನಂತಾನೆ?"

ಹೇಳಿದೆ. ಗಡಿಯಾರದ ಮಾತನ್ನೂ ಬಿಡಲಿಲ್ಲ.

"ನಕ್ಕರಾ?"

"ನಮ್ಮವರಲ್ಲ. ಎದುರಿನವರು."

ಎರಡೂ ಕೈಯಿಂದ ಮೊಣಕಾಲು ಒತ್ತಿಕೊಂಡ. "ಆಗ್ಲಿ. ಒಪ್ಕೊಂಡೆ ಅನ್ನು."

"ಥೂ, ನಿನಗೆ ಮಾನ ಮರ್ಯಾದೆ ಇದೆಯೇನೋ? ನನ್ನ ಮೇಲೆ ಆಣೆ ಮಾಡಿದ್ದು ಮರೆತ್ಯಾ?"

"ಮಾನ ಇಟ್ಕೊಂಡು ಏನು ಮಾಡ್ಲಿ ಗ್ರಾಸಿಯೆತೆ? ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ, ಅದನ್ನ ಹೇಳು ಮೊದ್ಲು."

ನಾನು ಹೋಲ್ಡನ್ನನ ಕಡೆ ತಿರುಗಿದೆ.

"ಏನಂತಾರೆ ಯಜಮಾನ್ರು?" ಎಂದ ಹೋಲ್ಡನ್.

"ಸಾಕಂತೆ ಅವರಿಗೆ. ನಿಮಗೆ ಬಹಳ ಥ್ಯಾಂಕ್ಸ್ ಅಂತೆ, ಇನ್ನು ಆಡಲ್ವಂತೆ" ಎಂದೆ.

ಹೋಲ್ಡನ್ನನ ನಗು ಇಳಿಯಿತು. ಎವರಿಸ್ತೋ ಅವನ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಹೇಳಿದ್ದೇನು ಎಂದು ತಿಳಿಯದಷ್ಟು ದಡ್ಡನಲ್ಲ. 'ಯೆಸ್' ಎಂದು ಒಂದು ಮಾತು ಅಂದಿದ್ದರೆ ಮುಗಿದಿತ್ತು, ಅಷ್ಟು ಇಂಗ್ಲಿಷ್ ಅವನಿಗೆ ಬರುತ್ತಿತ್ತು. ಬಾಯಿ ತೆರೆದ ಕೂಡ. ನಾನು ಕಣ್ಣು ಕೀಳದೆ ನಿಂತೆ. ಅವನು ಬಾಯಿ ಮುಚ್ಚಿಕೊಂಡ. ಹೋಲ್ಡನ್ ಇಬ್ಬರ ಕೈಯನ್ನೂ ಕುಲುಕಿ ಹೊರಟುಹೋದ.

ಈಗ ಬೈಯುತ್ತಾನೆ ಎಂದು ಕಾದೆ. ಬೈದರೆ ತಿರುಗಿ ಬೈಯಲು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ.

"ಬೂಟು ಬಿಚ್ಚು" ಎಂದ. "ನನಗೆ ಬಗ್ಗೋಕಾಗ್ತಿಲ್ಲ."

ಮದುವೆಯಾದಾಗಿನಿಂದ ಆಗುವುದಿಲ್ಲ ಎಂಬ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

"ಯಾವಾಗಿಂದ?"

"ಈಸ್ಟರ್ ಆದಾಗಿಂದ. ಸೂಜಿಯ ಮತ್ತು ಇಳೀತು ಅಂದ್ರೆ ಮುಗೀತು, ಕಾಲು ಮಡಚಲ್ಲ."

"ಮತ್ತೆ ಇಷ್ಟು ದಿನ ಯಾರು ಬಿಚ್ತಿದ್ದೋರು?"

"ಯಾರೂ ಇಲ್ಲ. ಬ್ಯಾಗಲ್ಲಿ ಒಂದು ಉದ್ದನೆ ಕತ್ತರಿ ಇಟ್ಕೊಂಡಿದೀನಿ. ಎಲ್ಲ ಹೋದ ಮೇಲೆ ಲೇಸು ಕತ್ತರಿಸ್ತಿದ್ದೆ. ಪ್ರತಿ ಸಲ ಹೊಸ ಲೇಸು."

ಕಾರು ನಿಲ್ಲಿಸುವ ಜಾಗದ ಟಾರಿನ ಮೇಲೆ ಮಂಡಿಯೂರಿದೆ. ಅವನ ಪಾದವನ್ನು ನನ್ನ ತೊಡೆಯ ಮೇಲೆ ಎತ್ತಿ ಇಟ್ಟುಕೊಂಡೆ. ಕಾರುಗಳು ಒಂದೊಂದಾಗಿ ಹೊರಗೆ ಹೋಗುತ್ತಿದ್ದವು, ನಮ್ಮವರು ನಮ್ಮನ್ನು ನೋಡಿಯೂ ನೋಡದವರ ಹಾಗೆ ಹೋದರು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದೆ.