ದಾರ ಕಟ್ಟದ ಕ್ಯಾನು

ನನ್ನ ಅಂಗಡಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಮೊದಲು ಕೇಳುವುದು ಜೀಪಿನ ತಲೆಯ ಮೇಲೆ ಬಿಚ್ಚಿಕೊಳ್ಳುವ ಡೇರೆಯನ್ನು. ಏಣಿ ಹತ್ತಿ ಮಲಗಬೇಕು, ಬೆಳಿಗ್ಗೆ ಮೇಲಿಂದಲೇ ಬೆಟ್ಟ ನೋಡಬೇಕು, ಅದರ ಫೋಟೊ ತೆಗೆದು ನಾಲ್ಕು ಜನಕ್ಕೆ ಕಳಿಸಬೇಕು. ನಾನು ಒಂದೇ ಮಾತು ಕೇಳುತ್ತೇನೆ: "ರಾತ್ರಿ ಎಷ್ಟು ಸಲ ಎದ್ದು ಹೋಗ್ತೀರಾ?" ವಯಸ್ಸಾದವರು ನಕ್ಕು ನೆಲದ ಡೇರೆ ಕೊಂಡುಕೊಳ್ಳುತ್ತಾರೆ. ಉಳಿದವರು ಮುಖ ಗಂಟಿಕ್ಕಿಕೊಂಡು ಬೇರೆ ಅಂಗಡಿ ಹುಡುಕುತ್ತಾರೆ. ಹುಡುಕಲಿ ಬಿಡಿ. ಮೂವತ್ತು ವರ್ಷದಿಂದ ಇದೇ ಬಾಯಿ ಇಟ್ಟುಕೊಂಡು ವ್ಯಾಪಾರ ಮಾಡಿದ್ದೇನೆ.

ಈ ಬಾಯಿಯೇ ಎಂಟು ವರ್ಷದ ಹಿಂದೆ ಒಂದು ಸುಳ್ಳು ಹೇಳಿತು. ಬೇರೆಯವರ ತಪ್ಪು ಕಂಡರೆ ಸುಮ್ಮನಿರದ ಬಾಯಿ, ಆ ಸುಳ್ಳಿನ ವಿಷಯಕ್ಕೆ ಬಂದರೆ ಮಾತ್ರ ಬೀಗ ಹಾಕಿಕೊಂಡು ಕೂತಿತ್ತು. ಮೊನ್ನೆ ಮಂಗಳವಾರ ಗುಬ್ಬಿ ಬರುವ ತನಕ.

ಗುಬ್ಬಿ ನನ್ನ ತಮ್ಮನ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅವಳಪ್ಪ ಇಟ್ಟ ಹೆಸರು. ಈಗ ನನಗಿಂತ ಎರಡು ಬೆರಳು ಎತ್ತರ. ಹುಲ್ಲುಗಾವಲುಗಳ ಸಮೀಕ್ಷೆ ಮಾಡುವ ಕೆಲಸ ಸಿಕ್ಕಿದೆ. ಶನಿವಾರ ಹೊರಟು ಹನ್ನೆರಡು ದಿನ ಬೆಟ್ಟದಾಚೆಯ ಬಯಲಿಗೆ ಹೋಗಬೇಕು. ಡಾಂಬರು ಇಲ್ಲ, ಊರಿಲ್ಲ, ಫೋನು ಹಿಡಿಯುವುದಿಲ್ಲ. ಗಾಡಿ ಕಚೇರಿಯದು, ಸಾಮಾನು ನಮ್ಮದೇ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದಂತೆ.

"ದೊಡ್ಡಪ್ಪ, ನೀವು ಬರ್ಬೇಕು," ಅಂದಳು. "ತುಂಬೋದು ನೀವು, ಓಡ್ಸೋದು ನಾನು."

ಅದು ನಾನೂ ನನ್ನ ತಮ್ಮನೂ ಇಪ್ಪತ್ತು ವರ್ಷ ಹೇಳಿಕೊಂಡು ಬಂದ ಮಾತು. ನಾನು ಸಾಮಾನು ತುಂಬಿದರೆ ಅವನು ತಿರುಗಿ ನೋಡುತ್ತಿರಲಿಲ್ಲ. ಅವನು ಓಡಿಸಿದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಆ ಮಾತು ಅವಳ ಬಾಯಲ್ಲಿ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಮಂಡಿ ನೋವಿದೆ ಅನ್ನುವುದೂ ನೆನಪಾಗಲಿಲ್ಲ. ನನಗೆ ಮಕ್ಕಳಿಲ್ಲ, ಮನೆಯವಳು ಹೋಗಿ ಹನ್ನೊಂದು ವರ್ಷವಾಯಿತು. ನನ್ನನ್ನು ಬಾ ಎಂದು ಕರೆಯುವ ಜೀವ ಅಂತ ಇದ್ದರೆ ಅದು ಇವಳೊಬ್ಬಳೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಟಾರ್ಪಾಲು ಹಾಸಿದೆವು. ಸಾಮಾನು ಆರಿಸುವ ನಮ್ಮ ಪದ್ಧತಿಯೇ ಅದು. ಪಟ್ಟಿ ಬರೆದರೆ ಸಾಲದು, ಎಲ್ಲವನ್ನೂ ನೆಲದ ಮೇಲೆ ಹರಡಬೇಕು, ಒಂದೊಂದನ್ನೂ ಎತ್ತಿ ಹಿಡಿದು "ಇದು ಯಾತಕ್ಕೆ?" ಎಂದು ಕೇಳಬೇಕು. ಉತ್ತರಕ್ಕೆ ತಡವರಿಸಿದರೆ ಆ ಸಾಮಾನು ಬೇಡ.

ಗುಬ್ಬಿ ಎರಡು ಉರಿಯ ಒಲೆ ಎತ್ತಿದಳು.

"ಇಬ್ರಿಗೆ ಎರಡು ಉರಿ ಯಾಕೆ? ಔತಣ ಇಟ್ಕೊಂಡಿದ್ದೀಯಾ?"

ಒಂದುರಿಯ ಒಲೆ ಬಂತು. ಗಾಳಿಗೆ ಅಡ್ಡ ಇಡುವ ತಗಡು ಬಂತು. ಐಸ್ ಪೆಟ್ಟಿಗೆ ಹೋಯಿತು. ಮೂರನೇ ದಿನಕ್ಕೆ ಅದು ಬಿಸಿನೀರಿನ ಪೆಟ್ಟಿಗೆ. ಮಡಚುವ ಕುರ್ಚಿ ಎರಡು ಬಂದವು, ಯಾಕೆಂದರೆ ನೆಲದ ಮೇಲೆ ಕೂತರೆ ನನ್ನನ್ನು ಎಬ್ಬಿಸಲು ಕ್ರೇನು ಬೇಕು. ತಲೆಗೆ ಕಟ್ಟುವ ದೀಪ, ಸಲಿಕೆ, ಚಕ್ರಕ್ಕೆ ಗಾಳಿ ಹೊಡೆಯುವ ಪಂಪು, ಮರಳಿನಲ್ಲಿ ಚಕ್ರದಡಿ ಇಡುವ ಹಲಗೆ, ಹೂತ ಗಾಡಿ ಎಳೆಯುವ ಪಟ್ಟಿ, ಔಷಧದ ಡಬ್ಬಿ. ಮುಚ್ಚಳ ಭದ್ರವಾಗಿರುವ ಪೆಟ್ಟಿಗೆಗಳು ನಾಲ್ಕು: ಅಡುಗೆಯದೊಂದು, ಹಾಸಿಗೆಯದೊಂದು, ರಿಪೇರಿಯದೊಂದು, ಅವಳ ಕಾಗದಪತ್ರದ್ದೊಂದು. ನನ್ನ ಹಳೆಯ ಹಾಸಿಗೆ ಸುರುಳಿಯನ್ನು ಅವಳೇ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ತನ್ನದರ ಪಕ್ಕದಲ್ಲಿಟ್ಟಳು.

ಹಳೆಯ ಸಾಮಾನುಗಳ ಹಿಡಿಗಳಲ್ಲೆಲ್ಲ ಕೆಂಪು ದಾರದ ಗಂಟುಗಳಿದ್ದವು. ಅದೂ ನಮ್ಮ ಪದ್ಧತಿ, ಅಂದರೆ ನನ್ನದು. ತಿರುಗಾಟ ಮುಗಿಸಿ ಬಂದ ಮೇಲೆ ಬಳಸಿದ ಸಾಮಾನಿಗೆ ಒಂದು ಗಂಟು. ಮೂರು ತಿರುಗಾಟದಲ್ಲಿ ಒಂದೂ ಗಂಟು ಬೀಳದ ಸಾಮಾನು ನಾಲ್ಕನೆಯದಕ್ಕೆ ಮನೆಯಲ್ಲೇ ಇರಬೇಕು. ಈ ಲೆಕ್ಕದಿಂದ ನಾನು ನಮ್ಮ ಗಾಡಿಯ ಅರ್ಧ ಭಾರ ಇಳಿಸಿದ್ದೆ. ಬಂದ ಗಿರಾಕಿಗಳಿಗೆಲ್ಲ ಇದನ್ನು ಹೇಳಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಔಷಧದ ಡಬ್ಬಿಯನ್ನು ಮಾತ್ರ ಲೆಕ್ಕದಿಂದ ಹೊರಗಿಟ್ಟಿದ್ದೆ. ನೀರನ್ನು ಹೊರಗಿಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಎಂಟು ವರ್ಷದ ಹಿಂದಿನ ಆ ಸಲ ಮಂಡಿ ಊದಿಕೊಂಡು ನಾನು ಹೋಗುವ ಹಾಗಿರಲಿಲ್ಲ. ತಮ್ಮ ಒಬ್ಬನೇ ಇದೇ ಬೆಟ್ಟದಾಚೆಯ ಬಯಲಿಗೆ ಹೊರಟ. ಬೆಳಗಾಗುವ ಮುಂಚೆ ಕುಂಟುತ್ತಲೇ ಹೋಗಿ ಅವನ ಮನೆಯ ಅಂಗಳದಲ್ಲಿ ಗಾಡಿ ತುಂಬಿದವನು ನಾನು. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು ಇದ್ದವು. ಒಂದರ ಹಿಡಿಯ ತುಂಬ ದಾರ. ಇನ್ನೊಂದು ಮೂರು ತಿರುಗಾಟ ಹೋಗಿ ಮುಚ್ಚಳ ತೆರೆಯದೆ ವಾಪಸು ಬಂದಿತ್ತು. ಒಬ್ಬನೇ ಹೋಗುವವನಿಗೆ ಇಪ್ಪತ್ತು ಕೆಜಿ ಹೆಚ್ಚಿನ ಭಾರ ಯಾಕೆ, ಗಾಡಿಯ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬೇರೆ ಬಳಲಿವೆ ಅಂದುಕೊಂಡೆ. ಇಳಿಸಿ ನಲ್ಲಿಯ ಪಕ್ಕ ಇಟ್ಟೆ. ಅವನು ಒಳಗೆ ಷೂ ಕಟ್ಟಿಕೊಳ್ಳುತ್ತಿದ್ದ. ಹೊರಗೆ ಬಂದು, ಹಿಂಬಾಗಿಲು ಹಾಕಿ, "ಅಣ್ಣ ತುಂಬಿದ್ದಾನೆ ಅಂದ್ರೆ ಮುಗೀತು," ಅಂದು ಹೋದ.

ಒಣ ಹೊಳೆಯ ಮರಳಿನಲ್ಲಿ ಗಾಡಿ ಹೂತುಕೊಂಡಿತು. ಎಬ್ಬಿಸುವ ಹೋರಾಟದಲ್ಲಿ ರೇಡಿಯೇಟರಿನ ಪೈಪು ಒಡೆಯಿತು. ಇದ್ದ ನೀರಿನಲ್ಲಿ ಹೆಚ್ಚಿನದನ್ನು ಅವನು ಅದಕ್ಕೇ ಸುರಿದ. ಅದೂ ಸೋರಿ ಹೋಯಿತು. ಮೂರನೇ ದಿನ ನಡೆದು ಹೊರಟ. ಅರಣ್ಯದವರ ಚೌಕಿಗೆ ಇನ್ನು ನಾಲ್ಕು ಕಿಲೋಮೀಟರು ಇರುವಾಗ ಬಿದ್ದ. ಅವರ ಜೀಪು ಐದನೇ ದಿನ ಅದೇ ಹೊಳೆ ದಾಟಿ, ಖಾಲಿ ಗಾಡಿ ನೋಡಿ, ಅವನನ್ನು ಹುಡುಕಿತು; ಜೀವ ಇರಲಿಲ್ಲ. ಎರಡನೇ ಕ್ಯಾನು ಇದ್ದಿದ್ದರೆ ಅವನು ಗಾಡಿಯ ನೆರಳಿನಲ್ಲೇ ಕೂತಿರುತ್ತಿದ್ದ. ಆ ಜೀಪು ಹತ್ತಿ ಮನೆಗೆ ಬರುತ್ತಿದ್ದ.

ಚೌಕಿಯಲ್ಲಿ ಅಧಿಕಾರಿ ಕೇಳಿದರು. "ಒಂದೇ ಕ್ಯಾನು ಸಿಕ್ಕಿದೆಯಲ್ಲ, ಇಷ್ಟು ದೂರಕ್ಕೆ ಒಂದೇ ತರ್ತಿದ್ರಾ?"

ತಮ್ಮನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಗುಬ್ಬಿ ಅವಳ ತೋಳು ಹಿಡಿದುಕೊಂಡಿದ್ದಳು, ಆಗ ಹದಿನಾರು.

"ಎರಡಿತ್ತು," ಅಂದೆ. "ನನ್ನ ಮಂಡಿ ನೋವು ನೋಡಿ, ಎತ್ತೋಕಾಗ್ಲಿಲ್ಲ. ಇನ್ನೊಂದನ್ನ ನೀನೇ ಇಟ್ಕೋ ಅಂದಿದ್ದೆ. ಮರ್ತಿದ್ದಾನೆ."

ಎಲ್ಲರೂ ನಂಬಿದರು. ನಂಬದೆ ಏನು? ನನ್ನ ತಮ್ಮನ ಮರೆವು ಮನೆಮಾತಾಗಿತ್ತು. ಒಂದು ಸಲ ದಾರಿಯ ಹೋಟೆಲಿನಲ್ಲಿ ನನ್ನನ್ನೇ ಮರೆತು ಐದು ಮೈಲಿ ಗಾಡಿ ಓಡಿಸಿದವನು ಅವನು. ಪಕ್ಕದ ಸೀಟಿನ ಜೊತೆ ಮಾತಾಡುತ್ತಲೇ ಇದ್ದನಂತೆ. ಆ ನಗೆಚಾಟಿಕೆಯ ಹಿಂದೆ ನಾನು ಅಡಗಿಕೊಂಡೆ. ಮನೆಗೆ ಬಂದು ನೋಡಿದರೆ ಕ್ಯಾನು ನಲ್ಲಿಯ ಪಕ್ಕದಲ್ಲೇ ಇತ್ತು, ತುಂಬಿಕೊಂಡು. ತಮ್ಮನ ಹೆಂಡತಿ ಅದರ ಮುಚ್ಚಳ ತಿರುಗಿಸಿ ಅಷ್ಟೂ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಚೆಲ್ಲುತ್ತಾ ಸತ್ತ ಗಂಡನಿಗೆ ಬಾಯಿಗೆ ಬಂದ ಹಾಗೆ ಬೈದಳು. ಖಾಲಿ ಕ್ಯಾನನ್ನು ನನ್ನ ಕಡೆ ನೂಕಿ, "ನನ್ ಕಣ್ಣಿಗೆ ಬೀಳ್ದಿರೋ ಕಡೆ ಇಡಿ ಭಾವ," ಅಂದಳು. ನಾನು ತಂದು ಅಂಗಡಿಯ ಕೊನೆಯ ಕಪಾಟಿನ ಅಡಿಗೆ ತಳ್ಳಿದೆ.

ಮಂಗಳವಾರ ಗುಬ್ಬಿ ಅದನ್ನೇ ಎಳೆದು ತಂದಳು.

ನಾನು ಹೊಸ ಕ್ಯಾನು ಮೂರು ಇಟ್ಟಿದ್ದೆ. ಇಪ್ಪತ್ತಿಪ್ಪತ್ತು ಲೀಟರಿನವು, ಗಾಡಿಯಲ್ಲಿ ಬೇರೆ ಬೇರೆ ಕಡೆ ಇಡುವುದು, ಒಂದು ಸೋರಿದರೆ ಎರಡು ಉಳಿಯುತ್ತವೆ. ಎಂಟು ವರ್ಷದಿಂದ ಯಾವ ಗಿರಾಕಿಯನ್ನೂ ಇದಕ್ಕಿಂತ ಕಡಿಮೆ ನೀರಿನೊಂದಿಗೆ ನಾನು ಕಳಿಸಿಲ್ಲ, ಬೇಡ ಅಂದವರ ಜೊತೆ ಜಗಳವಾಡಿದ್ದೇನೆ.

"ಇವೂ ಇರ್ಲಿ," ಅಂದಳು ಅವಳು. "ಆದ್ರೆ ಅಪ್ಪ ಬಿಟ್ಟು ಹೋಗಿದ್ದನ್ನ ನಾನು ತಗೊಂಡು ಹೋಗ್ತೀನಿ. ಅಮ್ಮನಿಗೆ ಹೇಳ್ಬೇಡಿ, ಅದನ್ನ ನೋಡಿದ್ರೆ ಮತ್ತೆ ಶುರು ಮಾಡ್ತಾಳೆ."

ಬಟ್ಟೆಯಿಂದ ಧೂಳು ಒರೆಸಿದಳು. ಹಿಡಿಯನ್ನು ಬೆರಳಿನಿಂದ ಸವರಿದಳು.

"ಅಯ್ಯೋ ದೊಡ್ಡಪ್ಪ, ಇದಕ್ಕೆ ಒಂದೂ ದಾರ ಇಲ್ವಲ್ಲ," ಎಂದು ನಕ್ಕಳು. "ನಿಮ್ ಲೆಕ್ಕದಲ್ಲಿ ಇದು ಮನೇಲೇ ಇರ್ಬೇಕಿತ್ತು. ಅಪ್ಪ ಮರೀದಿದ್ರೂ ನೀವೇ ಇಳಿಸ್ತಿದ್ರಿ ಬಿಡಿ."

ತಮಾಷೆಗೆ ಅಂದ ಮಾತು. ನಾನೂ ನಗಬಹುದಾಗಿತ್ತು. ನಕ್ಕಿದ್ದರೆ ಆ ಕ್ಷಣ ದಾಟಿಹೋಗುತ್ತಿತ್ತು, ಶನಿವಾರ ಬೆಳಿಗ್ಗೆ ನಾನು ಅವಳ ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದೆ. ಹನ್ನೆರಡು ದಿನ. ಅದೇ ಹೊಳೆ ದಾಟಬೇಕಾಗಿತ್ತು. ಅವಳು ಅಲ್ಲಿ ಗಾಡಿ ನಿಲ್ಲಿಸಿ, ನನ್ನಪ್ಪ ಎಂಥ ಮರೆಗುಳಿ ಅನ್ನುತ್ತಾಳೆ, ನಾನು ಹೂಂ ಅನ್ನಬೇಕು.

"ನಾನೇ ಇಳಿಸಿದ್ದು," ಅಂದೆ.

"ಏನು?"

"ಅವ್ನು ಮರೀಲಿಲ್ಲ. ದಾರ ಇರ್ಲಿಲ್ಲ ಅಂತ ನಾನೇ ಇಳಿಸ್ದೆ. ಅವ್ನಿಗೆ ಹೇಳ್ಲಿಲ್ಲ. ಚೌಕಿಯಲ್ಲಿ ಸುಳ್ಳು ಹೇಳ್ದೆ."

ಅವಳು ಕ್ಯಾನಿನ ಹಿಡಿ ಬಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು, ನನಗೆ ಬೈಗುಳ ಹೊಸದಲ್ಲ. ಅವಳು ಟಾರ್ಪಾಲಿನ ಅಂಚಿಗೆ ಬಂದು ಮಂಡಿಯೂರಿ, ಇಷ್ಟು ಹೊತ್ತು ನಾವು ಮಾಡಿದ ಹಾಗೆಯೇ ಒಂದೊಂದೇ ಸಾಮಾನನ್ನು ಎತ್ತಿ ನೋಡತೊಡಗಿದಳು. ಒಲೆಯನ್ನು ಪೆಟ್ಟಿಗೆಗೆ ಹಾಕಿದಳು. ಪಂಪನ್ನು ಹಾಕಿದಳು. ಎರಡು ಕುರ್ಚಿಗಳಲ್ಲಿ ಒಂದನ್ನು ಗೋಡೆಗೆ ಒರಗಿಸಿದಳು. ನನ್ನ ಹಾಸಿಗೆ ಸುರುಳಿಯನ್ನು ಎತ್ತಿದಳು, ಯಾತಕ್ಕೆ ಎಂದು ಕೇಳಲಿಲ್ಲ, ಆ ಕುರ್ಚಿಯ ಮೇಲೆ ಇಟ್ಟಳು.

"ಗುಬ್ಬಿ," ಅಂದೆ.

"ಅಪ್ಪ ಇಟ್ಟ ಹೆಸರು ಅದು. ಸದ್ಯಕ್ಕೆ ಕರೀಬೇಡಿ."

ನಲ್ಲಿಯಲ್ಲಿ ಆ ಕ್ಯಾನನ್ನು ತೊಳೆದು ತುಂಬಿದಳು. ಎತ್ತಲು ಕೈ ಚಾಚಿದೆ. ಅವಳು ದಾಟಿ ಹೋದಳು. ಎಲ್ಲವನ್ನೂ ಅವಳೇ ಗಾಡಿಗೆ ತುಂಬಿದಳು. ಭಾರದ ಪೆಟ್ಟಿಗೆ ಕೆಳಗೆ, ಆಕ್ಸಲಿನ ಹತ್ತಿರ. ನೀರು ಕೈಗೆಟುಕುವ ಕಡೆ. ಸಲಿಕೆ ಬಾಗಿಲ ಬಳಿ. ಒಂದೂ ತಪ್ಪಲಿಲ್ಲ. ಎಲ್ಲಾ ನಾನು ಕಲಿಸಿದ್ದೇ.

ಸ್ಟಿಯರಿಂಗ್ ಮುಂದೆ ಕೂತ ಮೇಲೆ ಗಾಜು ಇಳಿಸಿದಳು. "ಅಮ್ಮನಿಗೆ ನೀವೇ ಹೇಳಿ. ನನ್ನಿಂದ ಆಗಲ್ಲ. ನಾನು ವಾಪಸ್ ಬರೋದ್ರೊಳಗೆ ಹೇಳಿರ್ಬೇಕು."

ಶನಿವಾರ ಅವಳು ಹೊರಟಳು ಅಂತ ಪಕ್ಕದ ಟೈರಿನ ಅಂಗಡಿಯವನು ಹೇಳಿದ. ಭಾನುವಾರ ಬೆಳಿಗ್ಗೆ ನಾನು ಹೋದೆ.

ತಮ್ಮನ ಹೆಂಡತಿ ದರ್ಜಿ. ಅಂಗಡಿಯ ಒಲೆ, ದೀಪ, ಕುರ್ಚಿಗಳಿಗೆಲ್ಲ ದಪ್ಪ ಬಟ್ಟೆಯ ಚೀಲ ಹೊಲಿದುಕೊಡುವವಳು ಅವಳೇ. ಅಂಗಳದ ಆ ಮನೆ ಬಿಟ್ಟ ಮೇಲೆ ಅವಳದು ಮಹಡಿಯ ಮೇಲಿನ ಒಂದೇ ಕೋಣೆ; ಕಿಟಕಿಯ ಬಳಿ ಮಷೀನು, ಮಂಚದ ಮೇಲೆ ಕತ್ತರಿಸಿದ ಬಟ್ಟೆ. ನನ್ನನ್ನು ನೋಡಿ ಕಾಲಿನಿಂದಲೇ ಸ್ಟೂಲನ್ನು ನನ್ನ ಕಡೆ ತಳ್ಳಿದಳು.

"ಮಗಳ ಜೊತೆ ಹೋಗ್ಲಿಲ್ವಾ ಭಾವ? ಮಂಡಿ ಕೈಕೊಡ್ತಾ?"

"ಮಂಡಿ ಅಲ್ಲ," ಅಂದೆ. ಕೂರಲಿಲ್ಲ. ಕೂತರೆ ಹೇಳಲಾರೆ ಅಂತ ಗೊತ್ತಿತ್ತು. ದಾರದಿಂದ ಶುರು ಮಾಡಿ ಚೌಕಿಯ ತನಕ ಎಲ್ಲವನ್ನೂ ಹೇಳಿದೆ. ನನ್ನನ್ನು ಸಮರ್ಥಿಸಿಕೊಳ್ಳುವ ಒಂದು ಮಾತೂ ಸೇರಿಸಲಿಲ್ಲ. ದಾರಿಯುದ್ದಕ್ಕೂ ಅಂಥ ಹತ್ತು ಮಾತು ಹೊಂದಿಸಿಕೊಂಡಿದ್ದೆ, ಅವಳ ಮುಖ ನೋಡಿದ ಮೇಲೆ ಎಲ್ಲವೂ ಸತ್ತುಹೋದವು.

ಅವಳು ಹಿಡಿದ ಹೊಲಿಗೆಯನ್ನು ಕೊನೆಯ ತನಕ ಹೊಲಿದಳು. ದಾರ ಕತ್ತರಿಸಿದಳು. ಚೀಲವನ್ನು ತಿರುವಿ, ಮಡಚಿ, ತೊಡೆಯ ಮೇಲಿಟ್ಟುಕೊಂಡಳು.

"ಆ ನೀರು ಚೆಲ್ಲುವಾಗ ನೀವು ಪಕ್ಕದಲ್ಲೇ ಇದ್ರಿ," ಅಂದಳು.

"ಹೂಂ."

"ಅವ್ರನ್ನ ಏನೇನಂದೆ, ಕೇಳಿಸ್ಕೊಂಡ್ರಿ."

"ಕೇಳಿಸ್ಕೊಂಡೆ."

"ನೀರು ಮರ್ತು ಹೋದ್ರಲ್ಲ, ನಮ್ಮಿಬ್ಬರ ನೆನಪೂ ಇರ್ಲಿಲ್ವಾ ಅಂತ. ದಿನಾ ಕೇಳ್ತಿದ್ದೆ, ಭಾವ. ಅನ್ನ ಬಡಿಸ್ಕೊಳ್ಳುವಾಗ, ಮಷೀನ್ ಮುಂದೆ ಕೂತಾಗ. ಎಂಟು ವರ್ಷ ಬರೀ ಸಿಟ್ಟು ಮಾಡ್ಕೊಂಡೆ. ಒಂದು ದಿನಾನೂ ನೆಟ್ಟಗೆ ಅಳ್ಲಿಲ್ಲ."

ತಪ್ಪಾಯಿತು ಅನ್ನಲು ಬಂದಿದ್ದೆ. ಆ ಮಾತು ಎಷ್ಟು ಸಣ್ಣದು ಅಂತ ಅಲ್ಲಿ ನಿಂತಾಗ ಗೊತ್ತಾಯಿತು. ಆದರೂ ಅಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಮಡಚಿದ ಚೀಲವನ್ನು ಅಂಗೈಯಿಂದ ಸವರುತ್ತಲೇ ಇದ್ದಳು.

"ಈಗ ಹೋಗಿ," ಅಂದಳು. "ಬಾಗ್ಲು ಎಳ್ಕೊಂಡು ಹೋಗಿ."

ಎಳೆದುಕೊಂಡೆ. ಮೆಟ್ಟಿಲಲ್ಲಿ ಮಂಡಿ ಹಿಡಿದುಕೊಂಡಿತು. ಮೂರನೇ ಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತೆ. ಒಳಗೆ ಮಷೀನು ಮತ್ತೆ ಶುರುವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ನನ್ನ ತಮ್ಮನ ಹೆಸರು ಹಿಡಿದು ಕರೆಯುವುದು ಕೇಳಿಸಿತು, ಮೆಲ್ಲಗೆ, ಬೈಯುವ ದನಿಯಲ್ಲಲ್ಲ. ಆಮೇಲೆ ಅತ್ತಳು. ಅಲ್ಲಿ ನಿಂತು ಕೇಳುವ ಹಕ್ಕು ನನಗಿಲ್ಲ ಅಂತ ಗೊತ್ತಿದ್ದರೂ, ಕಾಲು ಏಳುವ ತನಕ ನಿಂತು ಕೇಳಿದೆ.