ಬ್ಯಾಂಕಾಕಿನ ಫ್ಲ್ಯಾಟಿಗೆ ನನ್ನ ಕೈಗುಣ

ಯಶವಂತ ಬ್ಯಾಂಕಾಕಿನಲ್ಲಿ ಫ್ಲ್ಯಾಟ್ ಕೊಳ್ಳುತ್ತಿದ್ದಾನೆಂದು ನನಗೆ ಗೊತ್ತಾದದ್ದು ವಡೋದರಾದ ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವನು ಎಡಗೈಯಲ್ಲಿ ಮೊಬೈಲ್ ಹಿಡಿದು ಫೋಟೋ ತೋರಿಸಿದ. ಇಪ್ಪತ್ತಮೂರನೇ ಮಹಡಿ. ಬಾಲ್ಕನಿಯ ಕೆಳಗೆ ಅಗಲವಾದ ನದಿ, ನದಿಯಲ್ಲಿ ದೋಣಿಗಳು.

"ಹೆಂಗಿದೆಯೋ ವೆಂಕ?"

"ಚೆನ್ನಾಗಿದೆ," ಎಂದೆ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಚೆನ್ನಾಗಿಯೇ ಉರಿಯಿತು.

ನಾವಿಬ್ಬರೂ ತಿಪಟೂರಿನವರು, ಶಾಲೆಯಲ್ಲಿ ಒಂದೇ ಬೆಂಚಿನವರು. ಗಣಿತದ ಪರೀಕ್ಷೆಯಲ್ಲಿ ನನ್ನ ಪೇಪರ್ ನೋಡಿ ಪಾಸಾದವನು ಅವನು. ಈಗ ಇಲ್ಲಿಯ ಮಕರಪುರದಲ್ಲಿ ಅವನದೇ ಎಲೆಕ್ಟ್ರಿಕಲ್ ಪ್ಯಾನೆಲ್ ಕಾರ್ಖಾನೆ, ನಲವತ್ತು ಜನ ಕೆಲಸಗಾರರು. ನನ್ನನ್ನು ಬ್ಯಾಂಕು ಸೂರತ್ತಿನ ಉಧ್ನಾ, ಅಹಮದಾಬಾದ್ ಎಂದು ತಿರುಗಿಸಿ ಮತ್ತೆ ವಡೋದರಾದ ವಿದೇಶಿ ವಿನಿಮಯದ ಮೇಜಿಗೇ ತಂದು ಕೂರಿಸಿದೆ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನ ಮನೆ. ಬಾಲ್ಕನಿಗೆ ಬಂದರೆ ಎದುರು ಮನೆಯವರ ವಾಷಿಂಗ್ ಮೆಷಿನ್ ಕಾಣುತ್ತದೆ.

"ಅಲ್ಲಿ ಭೂಕಂಪ ಆಗುತ್ತಂತೆ," ಎಂದೆ, ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ.

ಹೆಂಡತಿ ಅನುರಾಧಾ ನಕ್ಕಳು. "ನಿಮಗೆ ಭೂಕಂಪದ ಯೋಚನೆಯೋ, ಆ ಬಾಲ್ಕನಿ ಯೋಚನೆಯೋ?"

ಸೋಮವಾರ ಯಶವಂತ ಹಣ ಕಳಿಸುವ ಫಾರಂ ಹಿಡಿದುಕೊಂಡು ಬ್ಯಾಂಕಿಗೇ ಬಂದ. ಅವನ ಕಾರ್ಖಾನೆಯ ಖಾತೆ ತೆರೆದು ಮೊದಲ ಚೆಕ್ ಜಮಾ ಮಾಡಿದವನು ನಾನು. ಅಂದಿನಿಂದ ಅವನಿಗೆ ನನ್ನ ಕೈಗುಣದ ಹುಚ್ಚು. ಹೊಸ ಮೆಷಿನ್ ಕೊಂಡರೂ, ಸೈಟು ಕೊಂಡರೂ ಮೊದಲ ಕಾಗದ ನನ್ನ ಕೈಯಿಂದ ಹೋಗಬೇಕು. ನಾನು ಉಧ್ನಾದಲ್ಲಿದ್ದಾಗ ಬರೀ ಅದಕ್ಕೆಂದೇ ರೈಲು ಹತ್ತಿ ಬಂದಿದ್ದ.

"ನಿನ್ನ ಕೈಯಿಂದ ಹೋದ್ರೆ ನಂಗೆ ಧೈರ್ಯ ಕಣೋ. ಆ ಬಿಲ್ಡಿಂಗಲ್ಲಿ ಹೊರದೇಶದವರಿಗೆ ಅಂತ ಉಳಿದಿರೋದು ಇದೊಂದೇ. ಹದಿನೈದನೇ ತಾರೀಖಿನೊಳಗೆ ರಿಜಿಸ್ಟರ್ ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ."

ಫಾರಂ ಓದುವಾಗ ನನ್ನ ಕೈಯಲ್ಲಿ ಪೆನ್ಸಿಲ್ ಇರುತ್ತದೆ. ಅನುಮಾನ ಬಂದ ಕಡೆ ಒಂದು ಸಣ್ಣ ಸುತ್ತು ಹಾಕುತ್ತೇನೆ. ಗಿರಾಕಿಯನ್ನು ಕೇಳಿ, ಸರಿ ಮಾಡಿಸಿ, ಅಳಿಸುತ್ತೇನೆ. ಯಶವಂತನ ಎಷ್ಟೋ ಫಾರಂಗಳು ಹೀಗೆ ಸುತ್ತು ಹಾಕಿಸಿಕೊಂಡು ವಾಪಸ್ಸು ಹೋಗಿವೆ. ಮೇಷ್ಟ್ರ ಬುದ್ಧಿ ಬಿಡಲಿಲ್ಲ ನೀನು ಎಂದು ನಗುತ್ತಿದ್ದ.

ಅವತ್ತೂ ಪೆನ್ಸಿಲ್ ಒಂದು ಕಡೆ ನಿಂತಿತು. ಹಣ ಯಾವ ರೂಪದಲ್ಲಿ ಹೋಗಬೇಕು ಎಂಬಲ್ಲಿ ಅವನು ಆ ದೇಶದ ಹಣವಾದ ಥಾಯ್ ಬಾತ್ ಎಂದು ಬರೆದಿದ್ದ. ಇಲ್ಲೇ ಬಾತ್ ಮಾಡಿಸಿದರೆ ಅಲ್ಲಿಯ ಕಮಿಷನ್ ಉಳಿಯುತ್ತದೆ ಎಂಬ ಲೆಕ್ಕಾಚಾರ. ಅದೇ ತಪ್ಪು. ಆ ದೇಶದಲ್ಲಿ ವಿದೇಶೀಯನೊಬ್ಬ ಫ್ಲ್ಯಾಟ್ ಕೊಳ್ಳಬೇಕಾದರೆ ಹಣ ಡಾಲರಿನಂಥ ಹೊರಗಿನ ಹಣವಾಗಿಯೇ ಒಳಗೆ ಬಂದು, ಅಲ್ಲಿಯ ಬ್ಯಾಂಕಿನಲ್ಲಿ ಬಾತ್ ಆಗಬೇಕು. ಆ ಬ್ಯಾಂಕಿನ ಪತ್ರವಿಲ್ಲದೆ ನೋಂದಣಿಯಿಲ್ಲ. ಉಧ್ನಾದ ಸೀರೆ ವ್ಯಾಪಾರಿಯೊಬ್ಬನ ಹಣ ಹೀಗೇ ಹೋಗಿ ಮೂರು ತಿಂಗಳು ಸಿಕ್ಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಸುತ್ತು ಹಾಕಿದೆ. ಅವನಿಗೆ ಕೊಡಲು ಒಂದು ನಕಲು ತೆಗೆದುಕೊಂಡು ಬಂದು ಆಮೇಲೆ ಹೇಳೋಣ ಎಂದು ಜೆರಾಕ್ಸ್ ಮೆಷಿನ್ನಿನ ಹತ್ತಿರ ಹೋದೆ. ದೇವರಾಣೆಗೂ ಆಗ ಹೇಳುವ ಮನಸ್ಸೇ ಇತ್ತು.

ವಾಪಸ್ಸು ಬರುವಾಗ ಅವನು ಪಕ್ಕದ ಮೇಜಿನ ನಮಿತಾಬೆನ್‌ಗೆ ಅದೇ ಬಾಲ್ಕನಿ ತೋರಿಸುತ್ತಾ ಹಿಂದಿಯಲ್ಲಿ ಹೇಳುತ್ತಿದ್ದ: ವೆಂಕಟಾಚಲನನ್ನೂ ಒಂದು ಸಲ ಕರೆದುಕೊಂಡು ಹೋಗುತ್ತೇನೆ, ಪಾಪ, ಇಷ್ಟು ವರ್ಷ ಬೇರೆಯವರ ದುಡ್ಡನ್ನು ವಿದೇಶಕ್ಕೆ ಕಳಿಸಿದ್ದೇ ಆಯಿತು, ತಾನು ಒಂದು ದೇಶವನ್ನೂ ನೋಡಲಿಲ್ಲ.

ಅವನು ಪ್ರೀತಿಯಿಂದಲೇ ಹೇಳಿದ್ದು. ಆ "ಪಾಪ" ಮಾತ್ರ ನನ್ನ ಮೈಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ನಕಲನ್ನು ಮಡಿಚಿ ಅವನ ಕೈಗಿಟ್ಟೆ.

"ಎಲ್ಲಾ ಸರಿ ಇದೆಯೇನೋ?"

"ಸರಿ ಇದೆ."

ಅವನು ಹೋದ ಮೇಲೆ ಮೂಲ ಫಾರಂನ ಸುತ್ತನ್ನು ರಬ್ಬರಿನಿಂದ ಉಜ್ಜಿ ತೆಗೆದೆ. ನಮ್ಮಲ್ಲಿ ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರ ಸೈನ್ ಬೇಕು. ನಮಿತಾಬೆನ್ ನನ್ನನ್ನು ನಂಬಿ, ಓದದೆ ಹಾಕಿದರು. ಹಣ ಬಾತ್ ಆಗಿ ಹೋಯಿತು.

ಹದಿಮೂರನೇ ತಾರೀಖು ಬ್ಯಾಂಕಾಕಿನಿಂದ ಫೋನು. "ವೆಂಕ, ಯಾವುದೋ ಡಾಲರ್ ಲೆಟರ್ ಕೇಳ್ತಾ ಇದಾರೆ ಕಣೋ. ನಿಂಗೇನಾದ್ರೂ ಗೊತ್ತಾ?"

"ಅಯ್ಯೋ, ಹಾಗಾ? ವಿಚಾರಿಸ್ತೀನಿ ಇರು," ಎಂದೆ. ಏನು ವಿಚಾರಿಸುವುದು! ಹದಿನಾರಕ್ಕೆ ಆ ಫ್ಲ್ಯಾಟ್ ಸಿಂಗಪುರದವನೊಬ್ಬನ ಪಾಲಾಯಿತು. ಸುದ್ದಿ ಕೇಳಿದ ದಿನ ಸಂಜೆ ನನ್ನ ಬಾಲ್ಕನಿಯಲ್ಲಿ ನಿಂತು ಟೀ ಕುಡಿದೆ. ಎದುರಿನ ವಾಷಿಂಗ್ ಮೆಷಿನ್ ಗಡಗಡ ತಿರುಗುತ್ತಿತ್ತು. ನನ್ನ ಹೊಟ್ಟೆ ತಣ್ಣಗಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಆ ಹಣ ವಾಪಸ್ಸು ಬರಲು ಒಂದೂವರೆ ತಿಂಗಳು ಹಿಡಿಯಿತು. ಆಮೇಲೆ ಒಂದು ದಿನ ಯಶವಂತ ಬ್ಯಾಂಕಿಗೆ ಬಂದ. ನಾನು ಎದುರಿನ ಕುರ್ಚಿಯ ಮೇಲಿದ್ದ ಫೈಲು ತೆಗೆದು ಜಾಗ ಮಾಡಿದೆ. ಅವನು ನೇರವಾಗಿ ನಮಿತಾಬೆನ್ ಎದುರು ಹೋಗಿ ಕುಳಿತ.

"ಏನೋ, ಇಲ್ಲಿ ಬಾರೋ," ಎಂದು ಕರೆದೆ.

"ಇಲ್ಲೇ ಆಗುತ್ತೆ," ಎಂದ, ತಿರುಗಿ ನೋಡದೆ.

ಅವನ ಹೆಂಡತಿ ದೀಪ್ತಿ ನನ್ನ ಕೈಗುಣ ಕೆಟ್ಟಿದೆ ಎಂದಿರಬೇಕು, ಪಾಪ ಅವನೇನು ಮಾಡುತ್ತಾನೆ ಎಂದುಕೊಂಡೆ. ಹೌದು, ಪಾಪ ಎಂದೇ ಅಂದುಕೊಂಡೆ.

ಅರ್ಧ ಗಂಟೆಯ ಮೇಲೆ ಫಾರಂ ಎರಡನೇ ಸೈನಿಗೆ ನನ್ನ ಮೇಜಿಗೆ ಬಂತು. ಬ್ಯಾಂಕಾಕಿನದೇ ಬೇರೊಂದು ಕಟ್ಟಡ, ಒಂಬತ್ತನೇ ಮಹಡಿ, ಹಿಂಭಾಗ. ಡಾಲರ್ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಹಿಂದೆ ಹಳೆಯ ಕಾಗದವೊಂದನ್ನು ಪಿನ್ ಮಾಡಿದ್ದರು. ತಿರುಗಿಸಿದೆ. ಅವತ್ತು ನಾನೇ ಮಡಿಚಿ ಕೊಟ್ಟಿದ್ದ ನಕಲು.

ಅದರಲ್ಲಿ ಬಾತ್ ಎಂಬ ಮಾತಿನ ಸುತ್ತ ನನ್ನ ಪೆನ್ಸಿಲಿನ ಸುತ್ತು ಕಪ್ಪಗೆ, ಸ್ಪಷ್ಟವಾಗಿ ಇತ್ತು. ಮೂಲದಲ್ಲಿ ಅಳಿಸಿದ ನನಗೆ ನಕಲಿನ ನೆನಪೇ ಆಗಿರಲಿಲ್ಲ. ಅಷ್ಟು ವರ್ಷ ಆ ಸುತ್ತುಗಳನ್ನು ನೋಡಿದ ಯಶವಂತನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಲೆ ಎತ್ತಿದೆ. ಯಶವಂತ ಎದುರಿಗೆ ನಿಂತಿದ್ದ. ಕಾಲರ್ ಹಿಡಿದು ಬೈದಿದ್ದರೆ ಅಲ್ಲೇ ಎಲ್ಲರ ಮುಂದೆ ಅವನ ಕೈ ಹಿಡಿದು ಅತ್ತುಬಿಡುತ್ತಿದ್ದೆನೋ ಏನೋ.

"ಯಶವಂತ, ಅವತ್ತು ನಾನು..."

"ಒಂದ್ಸಲ ನೋಡಿ, ಸರಿ ಇದ್ರೆ ಸೈನ್ ಮಾಡಿ ಸಾರ್," ಎಂದ.

ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎಲ್ಲವೂ ಸರಿಯಾಗಿತ್ತು. ಸೈನ್ ಮಾಡಿದೆ.