ಮೂವತ್ತೊಂದು ಸಲ ಒತ್ತಿದ ಗುಂಡಿ

ದೊರೆಗೆ ನಲವತ್ಮೂರು ವರ್ಷ. ಅವನಿಗೆ ಬೇರೆ ಹೆಸರಿದೆ, ಆದರೆ ಅದು ಕೆಲಸಕ್ಕೆ ಬರುವುದು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ. ದೊರೆ ಎಂದು ಕರೆದವಳು ಅಮ್ಮ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಹುಡುಗನ ಬುದ್ಧಿ ಬೆಳೆಯುವುದು ನಿಧಾನ ಎಂದು ಚಿಕ್ಕಂದಿನಲ್ಲೇ ಡಾಕ್ಟರು ಬರೆದುಕೊಟ್ಟಿದ್ದರು. ನಿಧಾನವೋ ಏನೋ, ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನಂತೆ ಬೆಡ್‌ಶೀಟ್ ಮಡಿಸುವವರು ಇನ್ನೊಬ್ಬರಿಲ್ಲ. ಮೂಲೆಗೆ ಮೂಲೆ ಕೂಡಿಸಿ ಅಂಗೈಯಿಂದ ಒಮ್ಮೆ ಸವರಿದನೆಂದರೆ ಇಸ್ತ್ರಿಯ ಹಂಗೇ ಬೇಡ.

ಸಂಜೆ ಅವನು ಹೋಗುವುದು ಮೂರನೇ ಮಹಡಿಯ ಒಂದು ಬಾಡಿಗೆ ಕೋಣೆಗೆ. ಮೊದಲು ಅಮ್ಮನೂ ಅವನೂ ಇದ್ದ ಕೋಣೆ. ಅಮ್ಮ ಹೋದ ಮೇಲೆ ತಂಗಿ ಬಂದು, "ಅಣ್ಣ, ನಿನ್ನಂಥವರಿಗೇ ಅಂತ ಒಂದು ಹಾಸ್ಟೆಲ್ ಇದೆ. ಊಟ, ತಿಂಡಿ ಎಲ್ಲಾ ಅವರೇ ನೋಡ್ಕೋತಾರೆ" ಎಂದಳು.

"ನಾನಿಲ್ಲೇ ಇರ್ತೀನಿ. ನಂಗೆ ಒಬ್ನೇ ಇರೋದೇ ಇಷ್ಟ" ಎಂದುಬಿಟ್ಟ ದೊರೆ.

ಅಪ್ಪಟ ಸುಳ್ಳು. ಕೋಣೆ ಇಷ್ಟ, ಒಬ್ಬನೇ ಇರುವುದು ಎಳ್ಳಷ್ಟೂ ಇಷ್ಟವಿಲ್ಲ. ಆದರೆ ಎರಡನ್ನೂ ಹೇಳಿದರೆ ತಂಗಿ ಎರಡನೆಯದನ್ನೇ ಹಿಡಿದು ಜಗ್ಗುತ್ತಾಳೆ ಎಂದು ತಿಳಿಯುವಷ್ಟು ಬುದ್ಧಿ ಅವನಿಗಿತ್ತು. ತಂಗಿ ಒಲ್ಲದ ಮನಸ್ಸಿನಿಂದ ಒಪ್ಪಿದಳು. ಆದರೆ ಒಂದೇ ಒಂದು ದಿನ ಸ್ಟವ್ ಆರಿಸಲು ಮರೆತರೂ ಕೋಣೆ ಖಾಲಿ ಮಾಡಬೇಕು ಎಂದು ಷರತ್ತು ಹಾಕಿದಳು.

ಹೀಗಿರುವಾಗ ಒಂದು ಸಂಸ್ಥೆಯವರು ಅವನನ್ನು ಕರೆದರು. ದೊರೆಯಂಥವರ ಮನೆಗಳಿಗೆ ಅವರು ಮಾತಾಡುವ ಪೆಟ್ಟಿಗೆ ಮಾಡುತ್ತಿದ್ದರು. ತಾವೇ ಮಾಡಿ ತಂದುಕೊಡುವುದಲ್ಲ, ಬಳಸುವವರನ್ನು ಜೊತೆಗೆ ಕೂರಿಸಿಕೊಂಡೇ ಮಾಡಬೇಕು ಎಂಬುದು ಅವರ ಹಟ. ಪ್ರತಿ ಬುಧವಾರ ದೊರೆಯೂ ಅವನಂಥ ಇನ್ನು ಮೂವರೂ ಎಂಜಿನಿಯರುಗಳ ಉದ್ದನೆಯ ಮೇಜಿಗೆ ಕೂರುತ್ತಿದ್ದರು. "ಗುಂಡಿ ಚಪ್ಪಟೆ ಇದ್ರೆ ಒದ್ದೆ ಕೈ ಜಾರುತ್ತೆ" ಎಂದ ದೊರೆ. ಮುಂದಿನ ವಾರ ಗುಂಡಿ ಉಬ್ಬಿಕೊಂಡು ಬಂತು. "ಕೆಂಪು ದೀಪ ಹತ್ತಿದ್ರೆ ಯಾರೋ ಬೈದ ಹಾಗಾಗುತ್ತೆ" ಎಂದ, ದೀಪ ಹಳದಿಯಾಯಿತು. ಹುಟ್ಟಿದಾಗಿನಿಂದ ಅವನ ಮಾತು ಕೇಳಿ ಯಾರೂ ಒಂದು ಕುರ್ಚಿಯನ್ನೂ ಅತ್ತಿತ್ತ ಸರಿಸಿರಲಿಲ್ಲ. ಬುಧವಾರ ಮನೆಗೆ ಹೋಗುವಾಗ ಅವನು ಎದೆಯುಬ್ಬಿಸಿಕೊಂಡೇ ನಡೆಯುತ್ತಿದ್ದ.

ಪೆಟ್ಟಿಗೆ ತಯಾರಾಯಿತು. ಪರೀಕ್ಷೆಗೆಂದು ಒಂದು ತಿಂಗಳು ಅದನ್ನು ಅವನ ಸ್ಟವ್ ಪಕ್ಕದ ಗೋಡೆಗೆ ಹಾಕಿದರು. ಎಂಜಿನಿಯರುಗಳ ಗುಂಪಿನಲ್ಲಿದ್ದ ಮೇಡಂ ಒಬ್ಬರು ಅದಕ್ಕೆ ದನಿ ಕೊಟ್ಟಿದ್ದರು. ಸ್ಟವ್ ಹಚ್ಚಿ ಅರ್ಧ ಗಂಟೆಯಾದರೆ ಪೆಟ್ಟಿಗೆ ಹೇಳುವುದು: "ಅಡುಗೆ ಆಯ್ತಾ? ಹಾಗಾದ್ರೆ ಒಂದ್ಸಲ ಹೋಗಿ ಸ್ಟವ್ ಆರಿದ್ಯಾ ನೋಡ್ಬಿಡಿ. ಆಮೇಲೆ ನಿಧಾನವಾಗಿ ಊಟ ಮಾಡಿ." ಕೇಳಿಸದಿದ್ದರೆ, ತಿಳಿಯದಿದ್ದರೆ ಗುಂಡಿ ಒತ್ತಬೇಕು. ಪೆಟ್ಟಿಗೆ ಅದನ್ನೇ ಮತ್ತೆ ಹೇಳುತ್ತದೆ.

ಮೊದಲ ಸಂಜೆ ಪೆಟ್ಟಿಗೆ ಬಾಯಿ ತೆರೆಯುವ ಮೊದಲೇ ದೊರೆ ಸ್ಟವ್ ಆರಿಸಿದ್ದ. ತಟ್ಟೆ ಹಿಡಿದು ಕೂತ. ಪಕ್ಕದ ಮನೆಯ ಬಾಗಿಲು ತೆರೆದು ಮುಚ್ಚಿತು, ಅಲ್ಲಿ ಯಾರೋ ಯಾರಿಗೋ ಏನೋ ಹೇಳಿ ನಕ್ಕರು. ದೊರೆ ತಟ್ಟೆ ಕೆಳಗಿಟ್ಟ. ಎದ್ದು ಹೋಗಿ ಗುಂಡಿ ಒತ್ತಿದ. "ಅಡುಗೆ ಆಯ್ತಾ?" ಎಂದಿತು ಪೆಟ್ಟಿಗೆ. "ಆಯ್ತು" ಎಂದ ದೊರೆ. ಮತ್ತೆ ಒತ್ತಿದ. ಎರಡನೇ ದಿನ ಗೋಡೆಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಊಟಕ್ಕೆ ಕೂತ.

ಒತ್ತಿದ್ದನ್ನೆಲ್ಲ ಪೆಟ್ಟಿಗೆ ಎಣಿಸುತ್ತದೆ ಎಂದು ಮೊದಲೇ ಹೇಳಿದ್ದರು. ಹೇಳಿದಾಗ ದೊರೆ ತಲೆಯಾಡಿಸಿದ್ದ. ಅವನು ಯಾರು ಏನು ಹೇಳಿದರೂ ತಲೆಯಾಡಿಸುವವನೇ.

ತಿಂಗಳು ಮುಗಿದ ಬುಧವಾರ ಮನೆಯವರನ್ನೂ ಕರೆದಿದ್ದರು. ತಂಗಿ ಬಂದು ಅವನ ಪಕ್ಕ ಕೂತಳು. ದೊಡ್ಡ ಎಂಜಿನಿಯರು ಗೋಡೆಯ ಮೇಲೆ ಲೆಕ್ಕ ತೋರಿಸಿದರು. ಉಳಿದ ಮೂವರು ದಿನಕ್ಕೆ ಎರಡೋ ಮೂರೋ ಸಲ ಒತ್ತಿದ್ದರು. ದೊರೆ ದಿನಕ್ಕೆ ಮೂವತ್ತೊಂದು ಸಲ.

"ಮಾತು ಉದ್ದ ಆಗಿದೆ, ಇವರಿಗೆ ಅರ್ಥ ಆಗ್ತಿಲ್ಲ" ಎಂದರು ಎಂಜಿನಿಯರು. "'ಸ್ಟವ್ ಆರಿಸಿ' ಅಂತ ಎರಡೇ ಪದ ಇಡೋಣ."

ತಂಗಿಯ ಮುಖ ಬಿಳಚಿಕೊಂಡಿತು. "ಮೂವತ್ತೊಂದು ಸಲ ಹೇಳಿಸ್ಕೊಳ್ಳೋ ಮನುಷ್ಯನ್ನ ಬೆಂಕಿ ಪಕ್ಕ ಒಬ್ನೇ ಹೇಗೆ ಬಿಡ್ಲಿ ಸಾರ್? ನಾಳೇನೇ ಹಾಸ್ಟೆಲ್‌ನವರ ಹತ್ರ ಮಾತಾಡ್ತೀನಿ."

ಆಮೇಲೆ ಎಲ್ಲರೂ ಮಾತಾಡಿದರು. ದನಿ ಜೋರು ಮಾಡೋಣವೇ, ಚಿತ್ರ ಹಾಕೋಣವೇ ಎಂದು ಮೇಜಿನ ಈ ತುದಿಯಿಂದ ಆ ತುದಿಗೆ ಚರ್ಚೆ. ಜೊತೆಗೆ ಕೂರಿಸಿಕೊಂಡೇ ಮಾಡುತ್ತೇವೆಂಬ ಹಟ ಆ ಹೊತ್ತಿನಲ್ಲಿ ಎಲ್ಲಿ ಮಲಗಿತ್ತೋ, ಯಾಕೆ ಒತ್ತಿದೆ ಎಂದು ದೊರೆಯನ್ನು ಒಬ್ಬರೂ ಕೇಳಲಿಲ್ಲ.

ದೊರೆ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸುಮ್ಮನಿದ್ದರೆ ದಡ್ಡನೆಂದು ಕೋಣೆ ಹೋಗುತ್ತದೆ. ನಿಜ ಹೇಳಿದರೆ ಎರಡು ವರ್ಷದ ಸುಳ್ಳು ಬಯಲಾಗಿ ಆಗಲೂ ಕೋಣೆ ಹೋಗುತ್ತದೆ. ಹೇಗೂ ಹೋಗುವುದಾದರೆ ದಡ್ಡ ಅನ್ನಿಸಿಕೊಂಡು ಹೋಗುವುದು ಬೇಡವೆನಿಸಿತು.

"ಅರ್ಥ ಆಗಿತ್ತು" ಎಂದ.

ಯಾರಿಗೂ ಕೇಳಿಸಲಿಲ್ಲ. ಎದ್ದು ನಿಂತ. "ನಂಗೆ ಅರ್ಥ ಆಗಿತ್ತು. ಸ್ಟವ್ ಆರ್ಸಿದ್ಮೇಲೇ ಗುಂಡಿ ಒತ್ತಿದ್ದು. ಬೇಕಾದ್ರೆ ನೋಡಿ."

ದನಿ ಕೊಟ್ಟ ಮೇಡಂ ಕಂಪ್ಯೂಟರಿನಲ್ಲಿ ಇನ್ನೊಂದು ಪಟ್ಟಿ ತೆರೆದರು. ಸ್ಟವ್ ಆರಿದ ಹೊತ್ತನ್ನೂ ಪೆಟ್ಟಿಗೆ ಅದರಲ್ಲಿ ಬರೆದಿಟ್ಟಿತ್ತು. ಅವರು ಒಂದೊಂದೇ ದಿನವನ್ನು ನೋಡುತ್ತಾ ಹೋದರು. "ನಿಜ. ಒಂದು ದಿನಾನೂ ತಪ್ಪಿಲ್ಲ" ಎಂದರು. ಆಮೇಲೆ ಅವನ ಕಡೆ ತಿರುಗಿ, "ಮತ್ಯಾಕೆ ಒತ್ತಿದ್ರಿ ದೊರೆಯವ್ರೇ?" ಎಂದು ಕೇಳಿದರು.

"ಊಟ ಮಾಡುವಾಗ ಯಾರಾದ್ರೂ ಮಾತಾಡ್ತಿರ್ಲಿ ಅಂತ."

ತಂಗಿ ಅವನ ತೋಳು ಹಿಡಿದಳು. "ಒಬ್ನೇ ಇರೋದೇ ಇಷ್ಟ ಅಂತಿದ್ಯಲ್ಲೋ ಅಣ್ಣ! ನಂಗೊಂದು ಫೋನ್ ಮಾಡ್ಬಾರ್ದಿತ್ತಾ?"

"ಮಾಡಿದ್ರೆ ನೀನು 'ಅಯ್ಯೋ, ಏನಾಯ್ತು?' ಅಂತೀಯ" ಎಂದ ದೊರೆ. "ಏನೂ ಆಗಿರಲ್ಲ."

ತಂಗಿ ಹಿಡಿದ ತೋಳು ಬಿಡಲಿಲ್ಲ. "ಸ್ಟವ್ ಒಂದಿನಾನೂ ಮರ್ತಿಲ್ಲ ನೀನು. ಹಾಸ್ಟೆಲ್ ಮಾತು ಬಿಡು. ನಿನ್ನ ಕೋಣೆ ನಿಂಗೇ ಇರ್ಲಿ" ಎಂದು ಕಣ್ಣೊರೆಸಿಕೊಂಡಳು.

ದೊಡ್ಡ ಎಂಜಿನಿಯರು ಪೆನ್ನು ಕೈಗೆತ್ತಿಕೊಂಡರು. ಆವತ್ತು ಮೊದಲ ಸಲ ಅವನ ಮುಖ ನೋಡಿ, "ಹಾಗಾದ್ರೆ ಆ ಮಾತನ್ನ ಗಿಡ್ಡ ಮಾಡೋದು ಬೇಡ್ವಾ?" ಎಂದರು.

"ಬೇಡ. ಇನ್ನೂ ಸ್ವಲ್ಪ ಉದ್ದ ಮಾಡಿ."

"ಏನು ಸೇರಿಸೋಣ, ಹೇಳಿ. ಬರ್ಕೋತೀನಿ."

ದೊರೆ ನಿಂತೇ ಯೋಚಿಸಿದ. ಮೇಜಿನ ಸುತ್ತ ಎಲ್ಲರೂ ಪೆನ್ನು ಹಿಡಿದು ಕಾದರು. ಅವನೇನೂ ಅವಸರ ಮಾಡಿಕೊಳ್ಳಲಿಲ್ಲ.

"ಏನಾದ್ರೂ ಸೇರ್ಸಿ" ಎಂದ ಕಡೆಗೆ. "ಸ್ಟವ್ ವಿಷಯ ಒಂದು ಬಿಟ್ಟು."